ಇಪ್ಪತ್ಮೂರನೇ ಚೀಟಿ

ಬೆಳಿಗ್ಗೆ ಎಂಟು ಗಂಟೆ. ಬಸ್ ಡಿಪೊದಲ್ಲಿ ಚಾಲಕರ ಹೃದಯ ತಪಾಸಣೆ ನಡೆದಿತ್ತು. ಒಂದು ತಿಂಗಳಿಂದ ಮಾನಪ್ಪನಿಗೆ ಆಗಾಗ ಎದೆ ಹಿಡಿದಂತಾಗುತ್ತಿತ್ತು. ಗೊತ್ತಾದರೆ ಸ್ಟೀರಿಂಗ್ ಬಿಡಿಸಿ ಗೇಟು ಕಾಯಲು ಹಾಕುತ್ತಾರೆಂಬ ಭಯಕ್ಕೆ ಅವನು ತನ್ನ ಇಪ್ಪತ್ಮೂರನೇ ಚೀಟಿಯನ್ನು ಜೊತೆಯ ಚಾಲಕ ಯಮನೂರನ ಕೈಗಿಟ್ಟ.

"ನಿಂದು ಗೂಳಿ ಎದಿ ಮಾರಾಯ. ನನ್ನ ಹೆಸರ್ಲೆ ಹೋಗಿ ಮಲಗಿ ಬಾ. ನಿನ್ನ ಸರದಿ ನಾಳೆ ಐತಲ್ಲ."

ಯಮನೂರ ನಗುತ್ತಲೇ ಹೋಗಿ ಇಸಿಜಿ ಮಾಡಿಸಿಕೊಂಡು ಬಂದ. ಎಂಟೂವರೆಗೆ ತನ್ನ ಬಸ್ಸು ತೆಗೆದುಕೊಂಡು ಹೊರಟ.

ಒಂಬತ್ತಕ್ಕೆ ವೈದ್ಯರು ಒಂದು ವರದಿ ಹಿಡಿದು ಅವಸರದಿಂದ ಹೊರಬಂದರು.

"ಮಾನಪ್ಪ ಯಾರು? ನೀವಾ? ಸದ್ಯ, ಇಲ್ಲೇ ಇದ್ದೀರಿ. ಅಲ್ಲಾಡದೆ ಕೂತ್ಕೊಳ್ಳಿ. ಇದು ಹಾರ್ಟ್ ಅಟ್ಯಾಕ್. ಆಂಬುಲೆನ್ಸ್‌ಗೆ ಹೇಳಿದ್ದೀನಿ."

ಮಾನಪ್ಪ ದಡಕ್ಕನೆ ಎದ್ದು ನಿಂತ.

"ಸರ್, ಅದು ನನ್ನ ಎದಿ ಅಲ್ರಿ!"

ಕೂಡಲೇ ಯಮನೂರನ ನಂಬರು ಒತ್ತಿದ. ಬಸ್ಸು ಓಡಿಸುವಾಗ ಆ ಫೋನು ಕಂಡಕ್ಟರನ ಬಳಿ ಇರುತ್ತದೆ.

"ಬಸ್ ನಿಲ್ಲಸೋ! ಈಗಿಂದೀಗ ನಿಲ್ಲಸು!"

"ಈಗಷ್ಟ ನಿಂತೈತಿ ಮಾನಪ್ಪಣ್ಣ," ಎಂದ ಕಂಡಕ್ಟರ್. "ರಸ್ತೆ ಬದಿಗೆ ಹಚ್ಚಿ ಸ್ಟೀರಿಂಗ್ ಮ್ಯಾಲೆ ತಲಿ ಇಟ್ಟಾನ. ಎಷ್ಟು ಎಬ್ಬಿಸಿದ್ರೂ ಏಳವಲ್ಲ."