ಕೆಂಚನ ಜಾಗ

ಬೀಗರ ತಟ್ಟೆಯಿಂದ ಕೋಳಿ ತುಂಡು ಕಿತ್ತುಕೊಂಡು ಮನೆಯ ನಾಯಿ ಕೆಂಚ ಅಂಗಳಕ್ಕೆ ಓಡುತ್ತಿದ್ದಂತೆ ದೇವರಾಜು ಸೊಸೆಯ ಮೇಲೆ ರೇಗಿದ. “ಉಣ್ಣೋವಾಗ ನಾಯಿಗೆ ಆಕ್ಬ್ಯಾಡ ಅಂತ ಎಷ್ಟು ಸಲ ಬಡ್ಕಂಡೆ? ನಿಮ್ಮಪ್ಪನ ಮನೇಲಿ ಕಲ್ತಿದ್ದಾ ಇದು?”

ಮಗಳನ್ನು ನೋಡಲು ಚಿನಕುರಳಿಯಿಂದ ಬಂದಿದ್ದ ಅವಳ ಅಪ್ಪ ಪಕ್ಕದಲ್ಲೇ ಕೂತಿದ್ದರು. ಮುದ್ದೆ ಮುರಿಯುತ್ತಿದ್ದ ಅವರ ಕೈ ನಿಂತಿತು.

“ನಾನು ಯಾವತ್ತೂ ಹಾಕಿಲ್ಲ ಮಾವ,” ಎಂದಳು ರಂಜಿತ.

“ಮತ್ತೆ ನಾನು ಆಕುದ್ನಾ? ಬಾಯ್ಮುಚ್ಚು!”

ಅಷ್ಟರಲ್ಲಿ ತುಂಡು ಮುಗಿಸಿದ ಕೆಂಚ ಒಳಗೆ ಬಂತು. ರಂಜಿತಳ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ದೇವರಾಜುವಿನ ಎಡಕ್ಕೆ ಬಂದು ಕೂತು, ಹೆಂಗಸರು ಅಡುಗೆಮನೆಯಲ್ಲಿರುವಾಗ ದಿನವೂ ಮಾಡುತ್ತಿದ್ದಂತೆ, ಅವನ ತೊಡೆಯ ಮೇಲೆ ಮುಂಗಾಲಿಟ್ಟು ಬಾಯಿ ತೆರೆಯಿತು. “ಥೂ, ಹೋಗ್ಲಾ!” ಎಂದು ಅವನು ಮೊಣಕೈಯಿಂದ ತಳ್ಳಿದ. ಅದು ಬಾಲ ಬಡಿಯುತ್ತಾ ಇನ್ನೊಂದು ಕಾಲನ್ನೂ ಇಟ್ಟಿತು.

“ನಾಯಿಗೆ ನಿಮ್ಮ ಗುರ್ತು ಚೆನ್ನಾಗೇ ಅದೆ ಬುಡಿ ಬೀಗ್ರೇ,” ಎಂದರು ರಂಜಿತಳ ಅಪ್ಪ.

ದೇವರಾಜು ತನ್ನ ತಟ್ಟೆಯಲ್ಲಿದ್ದ ಮೂಳೆಯನ್ನೇ ನೋಡುತ್ತಾ ಕೂತ. ರಂಜಿತ ಬಾಗಿ ಅವನಿಗೆ ಸಾರು ಬಡಿಸಿದಳು.

“ಆ ಮೂಳೆ ಕೊಡಿ ಮಾವ,” ಎಂದಳು ಮೆಲ್ಲಗೆ. “ಪಾಪ, ಕಾಯ್ತಾ ಕುಂತದೆ.”