ಎಡಗಿವಿಯ ಹಾಡು

ಹಾಡು ನಿಂತು ಎರಡು ನಿಮಿಷವಾಗಿತ್ತು. ಕವಿ ಇನ್ನೂ ಕಣ್ಣು ಮುಚ್ಚಿಕೊಂಡು ಕೇಳುತ್ತಲೇ ಇದ್ದ.

"ಯಾರೋ ಹೆಂಗಸು ಕೆರೆಗೆ ಇಳೀತಿದ್ದಾಳೆ," ಎಂದ ಮೆಲ್ಲಗೆ. "ನೀರು ಮೊಣಕಾಲಿಗೆ ಬಂತು. ತಣ್ಣಗಿದೆ, ಆದ್ರೂ ನಿಲ್ತಿಲ್ಲ ಅವಳು. ಆಚೆ ದಡದಲ್ಲಿ ಒಂದು ದೀಪ ಇದೆ ನೋಡು, ಅದೂ ಇವಳ ಕಡೆಗೇ ಬರ್ತಿದೆ..."

ಎಲ್ಲರೂ ರೇಡಿಯೊ ಎಂದೇ ಕರೆಯುವ ಅವನ ಗೆಳೆಯ ಕೈಯಲ್ಲಿದ್ದ ಫೋನು ನೋಡಿದ. ಊಟದ ಡಬ್ಬಿ ಮುಚ್ಚುವಾಗ ಹೆಬ್ಬೆರಳು ತಾಗಿ ಹಾಡು ನಿಂತುಹೋಗಿತ್ತು. ಎದುರಿಗೆ ಖಾಲಿ ಕ್ರೇಟಿನ ಮೇಲೆ ಕೂತಿದ್ದ ಪ್ಯಾಕಿಂಗ್ ಅಕ್ಕನ ಮುಖ ನೋಡಿದ. ಅವಳೂ ಕವಿಯ ಜೊತೆ ಕೆರೆಗೆ ಇಳಿದುಬಿಟ್ಟಿದ್ದಳು.

ಡಬ್ಬಿ ಫ್ಯಾಕ್ಟರಿಯಲ್ಲಿ ತಗಡು ಬಡಿಯುವ ದೊಡ್ಡ ಪ್ರೆಸ್ಸಿನ ಸದ್ದು ನಿಲ್ಲುವುದು ಮಧ್ಯಾಹ್ನದ ಅರ್ಧ ಗಂಟೆ ಮಾತ್ರ. ಆ ಅರ್ಧ ಗಂಟೆ ಈ ಮೂವರದು. ದಿನಕ್ಕೊಬ್ಬರು ಒಂದು ಹೊಸ ಹಾಡು ತರಬೇಕು. ಯಾರ ಹಾಡು, ಯಾವ ಭಾಷೆ ಎಂದು ಹೇಳುವಂತಿಲ್ಲ. ಕೇಳಿದವರು ಏನು ಕಂಡಿತೆಂದು ಹೇಳಬೇಕು. ಅಕ್ಕ ಹಳೇ ಜೋಗುಳಗಳನ್ನು ತರುತ್ತಿದ್ದಳು. ರೇಡಿಯೊ ಎಲ್ಲೆಲ್ಲಿಂದಲೋ ಹೆಕ್ಕಿ ತರುತ್ತಿದ್ದ. ಒಂದು ದಿನ ಕುರಿಗಾಹಿಯ ಕೊಳಲು, ಇನ್ನೊಂದು ದಿನ ಊರಿಗೆ ಬೆಂಕಿ ಬಿದ್ದ ಹಾಗೆ ಅರಚುವ ಗಿಟಾರು, ಮತ್ತೊಂದು ದಿನ ಬರೀ ಡೋಲು. ಇದ್ದದ್ದು ಒಂದೇ ಇಯರ್‌ಫೋನ್ ವೈರು, ಅದೂ ಗಿಡ್ಡ. ಅದರ ಒಂದು ತುದಿ ರೇಡಿಯೊನ ಬಲಗಿವಿಗೆ, ಇನ್ನೊಂದು ಪಕ್ಕದಲ್ಲಿ ಕೂತ ಕವಿಯ ಎಡಗಿವಿಗೆ. ಅಕ್ಕ ಕೇಳುವ ಸರದಿ ಬಂದಾಗ ರೇಡಿಯೊ ತನ್ನ ತುದಿಯನ್ನೇ ಅವಳಿಗೆ ಕೊಡುತ್ತಿದ್ದ. ಕಂಡದ್ದನ್ನು ಹೇಳುವುದರಲ್ಲಿ ಮಾತ್ರ ಕವಿಯನ್ನು ಮೀರಿಸುವವರಿರಲಿಲ್ಲ. ಆ ಹೆಸರು ಬಂದದ್ದೇ ಹಾಗೆ.

"ಏಯ್ ಕವಿ! ಹಾಡು ನಿಂತು ಯಾವ ಕಾಲ ಆಯ್ತೋ. ಯಾವ ಕೆರೆ, ಯಾವ ದೀಪ?" ಎಂದ ರೇಡಿಯೊ.

ಕವಿ ಕಣ್ಣು ಬಿಟ್ಟ. ಕೆರೆ ಹೋಯಿತು. ಸಿಮೆಂಟಿನ ನೆಲ, ತಗಡಿನ ಚೂರು, ಮೂರು ಜನ ಉಳಿದರು.

"ಎಷ್ಟು ದಿನದಿಂದ ಈ ನಾಟಕ?"

"ಮೂರು ತಿಂಗಳು."

"ಹಾಗಾದ್ರೆ ಆ ಕೊಳಲು?"

"ಅದೂ ಕೇಳಿಸಿರಲಿಲ್ಲ."

"ಕುರಿಯೆಲ್ಲ ಸಾಲಾಗಿ ಮೋಡದೊಳಗೆ ಹೋದ್ವು ಅಂದ್ಯಲ್ಲೋ! ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದೆ. ಅವಳಿಗೂ ಕುರಿ ಕಾಣಿಸ್ತು ಕಣೋ!"

"ನೀನು ಅಷ್ಟು ಆಸೆಯಿಂದ ತರ್ತೀಯ, ಕೇಳಿಸ್ತಿಲ್ಲ ಅಂತ ಹೇಗೆ ಹೇಳ್ಲಿ?" ಕವಿ ವೈರಿನ ತುದಿಯನ್ನು ಬೆರಳಲ್ಲಿ ಹೊರಳಿಸಿದ. "ಅರೆಗಣ್ಣಲ್ಲಿ ನಿನ್ನ ಮುಖ ನೋಡಿಕೊಂಡು ಹೇಳ್ತಿದ್ದೆ. ನಿನ್ನ ಹುಬ್ಬು ಮೇಲೆ ಹೋದ್ರೆ ಹಕ್ಕಿ. ಕತ್ತು ವಾಲಿದ್ರೆ ನೀರು. ಇವತ್ತು ಕೆರೆ ಚೆನ್ನಾಗಿತ್ತು. ಪೂರ್ತಿ ಮುಚ್ಚಿಬಿಟ್ಟೆ."

ಅಕ್ಕನಿಗೆ ನಗು ಬರುವುದರಲ್ಲಿತ್ತು. ಕವಿಯ ಮುಂದಿನ ಮಾತಿಗೆ ಅದು ಅಲ್ಲೇ ಒಣಗಿತು.

"ವೈರು ಹೋಗಿರಬೇಕು ಅಂದ್ಕೊಂಡೆ. ವೈರೇ ಹೋಗಿರಲಪ್ಪ ಅಂತ."

ಕವಿ ನಿಲ್ಲುವುದು ಪ್ರೆಸ್ಸಿನ ಬುಡದಲ್ಲಿ. ಅವನಿಂದ ಮೂರು ಹೆಜ್ಜೆ ಆಚೆ, ಅದೇ ಸಾಲಿನಲ್ಲಿ, ರೇಡಿಯೊನ ತಗಡು ಕತ್ತರಿಸುವ ಮಿಷನ್ನು. ಇಬ್ಬರ ಎಡಕ್ಕೂ ಪ್ರೆಸ್ಸೇ, ದಿನಕ್ಕೆ ಒಂಬತ್ತು ಗಂಟೆ, ಆರು ವರ್ಷದಿಂದ. ಕಿವಿಗೆ ಮುಚ್ಚಳ ಕೊಟ್ಟಿರಲಿಲ್ಲವೇ ಎಂದರೆ ಕೊಟ್ಟಿದ್ದರು, ಒಂದೇ ಒಂದು ಸಲ, ತನಿಖೆಯವರು ಬಂದ ದಿನ. ಸಂಜೆ ಎಣಿಸಿ ವಾಪಸ್ಸು ಇಸಕೊಂಡರು. ಕವಿಗಿಂತ ಮುಂಚೆ ಆ ಜಾಗದಲ್ಲಿದ್ದವನಿಗೆ ಒಂದು ದಿನ ಸೈರನ್ ಕೇಳಿಸಲಿಲ್ಲ. ಮಾರನೇ ದಿನ ಅವನು ಗೇಟಿನ ಹೊರಗಿದ್ದ. ಒಂದು ಕಿವಿ ಹೋದರೆ ಇನ್ನೊಂದು ಕಿವಿ ಇಬ್ಬರ ಕೆಲಸವನ್ನೂ ಮಾಡಿಕೊಂಡು ಸುಮ್ಮನಿರುತ್ತದೆ, ಕೂಲಿಯವನ ಹಾಗೆ. ಬಲಗಿವಿಯನ್ನು ಬೆರಳಿಂದ ಮುಚ್ಚಿ ನೋಡಿದ್ದರೆ ಕವಿಗೆ ನಿಜ ತಿಳಿಯುತ್ತಿತ್ತು. ಮೂರು ತಿಂಗಳಿಂದ ಅವನು ಆ ಬೆರಳು ಎತ್ತಿರಲಿಲ್ಲ.

"ಕೊಡು ಇಲ್ಲಿ," ಎಂದು ರೇಡಿಯೊ ಹಾಡನ್ನು ಮೊದಲಿಂದ ಹಚ್ಚಿದ. ಬಲಗಿವಿಯಲ್ಲಿ ತನ್ನ ತುದಿ ಇದ್ದ ಹಾಗೇ ಕವಿಯ ತುದಿಯನ್ನು ಎಡಗಿವಿಗೆ ಸಿಕ್ಕಿಸಿಕೊಂಡ. ಬಲಗಡೆ ಹಾಡು ಶುರುವಾಯಿತು. ಎಡಗಡೆ ಏನೂ ಇಲ್ಲ. ಒತ್ತಿ ಹಿಡಿದ. ಏನೂ ಇಲ್ಲ.

"ಥೂ ನಿನ್ನ! ವೈರೇ ಸತ್ತಿದೆ ಕಣೋ!"

"ನಿಜವಾಗ್ಲೂ?"

"ನಿಮ್ಮಮ್ಮನಾಣೆ ಸತ್ತಿದೆ. ನಾಳೆ ಹೊಸದು ತರ್ತೀನಿ. ಮೂರು ತಿಂಗಳ ಹಾಡು ಪೂರ್ತಿ ಮತ್ತೆ ಕೇಳ್ಬೇಕು ನೀನು. ಆ ಕುರಿಗಳನ್ನ ಮೋಡದಿಂದ ವಾಪಸ್ಸು ಹೊಡ್ಕೊಂಡು ಬರ್ಬೇಕು!"

ಕವಿ ನಕ್ಕ. ಮೂರು ತಿಂಗಳು ಕಟ್ಟಿಟ್ಟಿದ್ದ ನಗು, ಕೆಮ್ಮು ಬರುವಷ್ಟು. ರೇಡಿಯೊ ಅವನ ಬೆನ್ನಿಗೆ ಗುದ್ದಿ ತಾನೂ ನಕ್ಕ.

"ಎಲ್ಲಿ, ನೋಡೋಣ," ಎಂದು ಅಕ್ಕ ಕೈ ಚಾಚಿದಳು. ಅವಳ ಪ್ಯಾಕಿಂಗ್ ರೂಮು ಗೋಡೆಯ ಆಚೆಗೆ, ಪ್ರೆಸ್ಸಿನ ಸದ್ದು ಅಷ್ಟಾಗಿ ತಲುಪದ ಕಡೆ. ರೇಡಿಯೊ ಎಡಗಿವಿಯ ತುದಿಯನ್ನು ಕಿತ್ತುಕೊಟ್ಟ. ಅಕ್ಕ ಮುಂದಕ್ಕೆ ಬಾಗಿ ಅದನ್ನು ಕಿವಿಗೆ ಇಟ್ಟುಕೊಂಡಳು.

"ಸತ್ತಿದೆ ತಾನೇ ಅಕ್ಕ?" ಎಂದ ಕವಿ.

ಅಕ್ಕ ಇಬ್ಬರ ಮುಖವನ್ನೂ ನೋಡಿದಳು.

"ಹೂಂ ಕಣ್ರೋ," ಎಂದಳು. "ಸತ್ತಿದೆ."

ಚಪ್ಪಲಿ ಕಳಚಿಟ್ಟಿದ್ದ ಅವಳ ಕಾಲಿನ ಹೆಬ್ಬೆರಳು ನೆಲದ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು. ರೇಡಿಯೊನ ಬಲಗಿವಿಯಲ್ಲಿ ಬೀಳುತ್ತಿದ್ದ ತಾಳವೇ ಅದು, ಒಂದು ಪೆಟ್ಟೂ ತಪ್ಪದೆ. ಅವನ ನಗು ನಿಂತಿತು. ಕೈ ತಾನಾಗಿಯೇ ಎಡಗಿವಿಯ ಕಡೆಗೆ ಹೋಯಿತು.

ಕವಿ ಎಂದಿನಂತೆ ಅರೆಗಣ್ಣಲ್ಲಿ ಅವನ ಮುಖವನ್ನೇ ನೋಡುತ್ತಿದ್ದ.