ಲೋಹದ ಮಂಡಿಯ ಮೇಲಿನ ಪೊರೆ

ಅಕ್ಕನ ಕಾಲಿನಿಂದ ಬೆಳಿಗ್ಗೆ ತೆಗೆದ ಲೋಹದ ಮಂಡಿಯನ್ನು ಸರ್ಜನ್ ಟ್ರೇಯಲ್ಲಿಟ್ಟು ತಂಗಿಯ ಕಡೆ ಸರಿಸಿದರು. ಮೇಲೆ ಗಂಜಿಯ ಕೆನೆಯಂಥ ಪೊರೆ. ಬ್ಯಾಕ್ಟೀರಿಯಾಗಳು ಮೈಮೇಲಿನ ಪ್ರೋಟೀನುಗಳಿಂದ ಮೊದಲು ಲೋಹವನ್ನು, ಆಮೇಲೆ ಒಂದನ್ನೊಂದು ಹಿಡಿದುಕೊಂಡು, ಔಷಧಿ ಒಳಗಿಳಿಯದಂತೆ ಕಟ್ಟಿಕೊಂಡ ಪೊರೆ. ಪ್ರಯೋಗಾಲಯದಲ್ಲಿ ಅದನ್ನೇ ಓದುತ್ತ ತಂಗಿಯ ತಲೆ ನರೆತಿತ್ತು.

"ಎರಡನೇ ಸಲ ಹಾಕಿದ ಮಂಡಿ ಇದು. ಈ ಸಲ ಮೂಳೆನೂ ಕೊಳೆತಿದೆ, ಕಾಲು ತೆಗೀಲೇಬೇಕು," ಅಂದರು ಸರ್ಜನ್. "ಅವರಿಗೆ ನಾನು ಹೇಳ್ಲಾ?"

"ನಾನೇ ಹೇಳ್ತೀನಿ." ತನ್ನ ದನಿ ತಂಗಿಗೇ ಬೇರೆ ಯಾರದೋ ಅನ್ನಿಸಿತು. ಅಳು ಬರಲಿಲ್ಲ.

ವಾರ್ಡಿನಲ್ಲಿ ಅಕ್ಕ ಎಚ್ಚರವಾಗಿದ್ದಳು. "ಏನಂತೆ?" ಅಂದಳು. ತಂಗಿ ನಿಂತೇ ಹೇಳತೊಡಗಿದಳು: ಯಾವ ಪ್ರೋಟೀನು ಅಂಟುತ್ತೆ, ಪೊರೆ ಹೇಗೆ ದಪ್ಪವಾಗುತ್ತೆ, ಮಾತ್ರೆ ಯಾಕೆ ನಾಟಲ್ಲ. ತರಗತಿಯಲ್ಲಿ ಹೇಳಿದ ಹಾಗೆ, ಒಂದೂ ತಡವರಿಸದೆ. ಅಕ್ಕ ಎಲ್ಲ ಕೇಳಿಸಿಕೊಂಡಳು.

"ಪಾಠ ಮಾಡೋ ಚಟ ನಿನ್ನ ಬಿಡಲ್ಲ ನೋಡು. ಕಾಲು ಹೋಗುತ್ತೆ ಅಂತ ತಾನೆ?"

ತಂಗಿ ತಲೆಯಾಡಿಸಿದಳು.

"ಹಂಗಂತ ಹೇಳು ಮತ್ತೆ. ಬಾ, ಕೂತ್ಕೋ."

ತಂಗಿ ಹಾಸಿಗೆಯ ತುದಿಯಲ್ಲಿ ಕೂತು, ಹೊದಿಕೆಯಾಚೆ ಚಾಚಿದ್ದ ಆ ಪಾದದ ಮೇಲೆ ಅಂಗೈ ಇಟ್ಟಳು. ಅದಿನ್ನೂ ಬೆಚ್ಚಗಿತ್ತು. "ಕಾಲು ತೆಗೀಬೇಕಂತೆ, ಅಕ್ಕ," ಅಂದಳು.